ಬಾಗಿಲಿಗೆ ಬಂದು ತಿರುಗಿದ ಅಡಿಗಲ್ಲು

"ಅದು ಮಾರಕ್ಕಲ್ಲ ಮೇಡಂ. ಕೈ ತೆಗೀರಿ."

ಸುಚೇತಾ ಕೈ ತೆಗೆಯಲಿಲ್ಲ. ತಿ. ನರಸೀಪುರದ ಆ ವೆಲ್ಡಿಂಗ್ ಶಾಪಿನ ಮೂಲೆಯಲ್ಲಿದ್ದ ಹಳೇ ಅಡಿಗಲ್ಲಿನ ಮೇಲೆ ಅವಳ ಅಂಗೈ ಹಾಗೇ ಇತ್ತು. ಹೆಸರಿಗೆ ಕಲ್ಲು, ನಿಜಕ್ಕೆ ಕಾದ ಕಬ್ಬಿಣವನ್ನಿಟ್ಟು ಬಡಿಯುವ ಉಕ್ಕಿನ ದಿಮ್ಮಿ. ಅಂಚಿನಲ್ಲಿ ಚಕ್ಕೆ ಎದ್ದಿತ್ತು, ನೆತ್ತಿ ಮಾತ್ರ ನುಣುಪಾಗಿತ್ತು.

ಶಾಪಿನ ಮಾಲೀಕ ಗುರು, ಮೂಗೂರಿನವನು, ಅವಳಿಗೆ ಹೊಸದೊಂದನ್ನು ತೋರಿಸಿದ. ನೀಲಿ ಬಣ್ಣ ಹೊಡೆದಿದ್ದ ಅದು ಮದುವೆ ಗಂಡಿನ ಹಾಗೆ ಮಿಂಚುತ್ತಿತ್ತು.

ಸುಚೇತಾ ಬ್ಯಾಗಿನಿಂದ ಒಂದು ಉಕ್ಕಿನ ಗೋಲಿ ತೆಗೆದು ನೀಲಿಯದರ ಮೇಲೆ ಬೀಳಿಸಿದಳು. ಟಪ್ ಅಂತ ಬಿದ್ದು ಅಲ್ಲೇ ಉಳಿಯಿತು. ಹಳೆಯದರ ಮೇಲೆ ಬೀಳಿಸಿದಳು. ಗೋಲಿ ಜಿಗಿದು ಹೆಚ್ಚುಕಮ್ಮಿ ಅವಳ ಕೈಗೇ ವಾಪಸ್ ಬಂತು.

"ನಿಮ್ಮ ಹೊಸದು ಬರೀ ಎರಕದ ಕಬ್ಬಿಣ ಕಣ್ರೀ. ಹೊಡೆದ ಪೆಟ್ಟನ್ನೆಲ್ಲ ತಾನೇ ನುಂಗುತ್ತೆ. ನನಗೆ ಇದೇ ಬೇಕು."

ಗುರುವಿಗೆ ಮೈ ಉರಿಯಿತು. ನಗುವೂ ಬಂತು. ಇದನ್ನಿಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದ. ಚಾಕು ಮಾಡುತ್ತೇನೆ ಎಂದಳು.

ತಮಾಷೆಗೆ ಹೇಳಿದ್ದಲ್ಲ. ನಂಜನಗೂಡಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ಈ ಹುಡುಗಿಗೆ, ಟೊಮೆಟೊ ಹೆಚ್ಚಲು ಹೋದರೆ ಹಿಚುಕಿ ಹಾಕುವ ಅಮ್ಮನ ಚಾಕುಗಳನ್ನು ನೋಡಿ ನೋಡಿ ಹಟ ಹುಟ್ಟಿತ್ತು. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಪುಟ್ಟ ಕುಲುಮೆಯನ್ನೂ ಕಟ್ಟಿಕೊಂಡಿದ್ದಳು. ಅಡಿಗಲ್ಲೊಂದೇ ಬಾಕಿ.

"ಕಲ್ಲಂತೂ ಕೊಡಕಾಗಲ್ಲ. ಬೇಕಾದ್ರೆ ಭಾನುವಾರ ಬಂದು ಇಲ್ಲೇ ಬಡ್ಕಳಿ," ಅಂದ ಗುರು.

ಬಂದಳು. ಬರುತ್ತಲೇ ಹೋದಳು. ಮೊದಲ ಚಾಕು ಸೊಟ್ಟಗಾಯಿತು. ಎರಡನೆಯದು ಬಿರುಕು ಬಿಟ್ಟಿತು. ಮೂರನೆಯದರ ಹೊತ್ತಿಗೆ ಇಬ್ಬರಿಗೂ ಚಾಕುವಿನ ಮೇಲೆ ಗಮನವೇ ಇರಲಿಲ್ಲ...

"ಈ ಕಲ್ಲು ನಿಮ್ಮನೆಗೇ ತಂದ್ಕೊಡ್ತೀನಿ," ಅಂದ ಒಂದು ದಿನ.

"ಮಾರಲ್ಲ ಅಂದಿದ್ರಿ?"

"ಮಾರಲ್ಲ. ಕೊಡ್ತೀನಿ."

ಪ್ರೀತಿಸುತ್ತೇನೆ ಎಂದು ಇಬ್ಬರೂ ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಇನ್ನು ಹೇಳುವುದೇನೂ ಉಳಿಯಲಿಲ್ಲ.

ಆದರೆ ಮನೆ? ಅವಳ ತಂದೆ ಹರಿಪ್ರಸಾದ್ ಬೀದಿ ತುದಿಯ ಸಣ್ಣ ಗುಡಿಯ ಅರ್ಚಕರು. ಗುರುವಿನ ಮನೆಯವರು ಮೂಗೂರಿನಲ್ಲಿ ತುಂಡು ಜಮೀನು ಮಾಡಿಕೊಂಡಿದ್ದವರು. ಜಾತಿ ಬೇರೆ, ಕೇರಿ ಬೇರೆ. ಸುಚೇತಾ ಧೈರ್ಯ ಮಾಡಿ ಅಪ್ಪನಿಗೆ ಎಲ್ಲವನ್ನೂ ಹೇಳಿದ್ದಳು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದಿನಗಳು ಹೋದವು, ಅಪ್ಪ ಬಾಯಿ ತೆರೆಯಲಿಲ್ಲ.

ಆ ಮೌನ ತಡೆಯಲಾರದೆ ಅವಳೇ ಒಂದು ಪರೀಕ್ಷೆ ಹೂಡಿದಳು. ಶನಿವಾರ ಅವಳಿಗೆ ಅರ್ಧ ದಿನ, ಅಪ್ಪನೂ ಮಧ್ಯಾಹ್ನ ಮನೆಯಲ್ಲಿರುತ್ತಾರೆ. ಕಲ್ಲನ್ನು ನೀವೇ ತನ್ನಿ ಎಂದು ಗುರುವಿಗೆ ಹೇಳಿದಳು. 'ಅಪ್ಪ ಅದನ್ನ ಒಳಗೆ ಇಳಿಸೋಕೆ ಬಿಟ್ಟರೆ ಗುರುವನ್ನೂ ಬಿಟ್ಟುಕೊಂಡ ಹಾಗೆ. ಇಲ್ಲದಿದ್ದರೆ... ನಾನೇ ಹೊಸಿಲು ದಾಟಿ ಹೋಗ್ತೀನಿ.'

ಮನೆಯಲ್ಲಿ ಯಾರಿಗೂ ಸುಳಿವು ಕೊಡದೆ ಶನಿವಾರ ಮಹಡಿ ಮೇಲೆ ನಿಂತಳು. ಗೂಡ್ಸ್ ಆಟೋ ಬಂದು ಗೇಟಿನ ಮುಂದೆ ನಿಂತಿತು. ಗುರು ಫೋನಿನಲ್ಲಿ ಮಾತಾಡುತ್ತಲೇ ಇಳಿದ. ಅಪ್ಪ ಹೊರಗೆ ಬಂದರು. ಏನೋ ಮಾತಾಯಿತು, ಮೇಲಕ್ಕೆ ಕೇಳಿಸಲಿಲ್ಲ. ಅಪ್ಪ ಎರಡೂ ಕೈ ಜೋಡಿಸಿದರು. ಗುರು ತಲೆ ತಗ್ಗಿಸಿದ. ಆಟೋ ಕಲ್ಲಿನ ಸಮೇತ ತಿರುಗಿ ಹೋಯಿತು.

ಸುಚೇತಾ ಮೆಟ್ಟಿಲ ಕಡೆಗೆ ತಿರುಗಿದಳು. 'ಕೈ ಮುಗಿದು ಓಡಿಸಿದ್ರು... ದಮ್ಮಯ್ಯ ಹೋಗು ಅಂದ್ರು.'

ಕೆಳಗಿಳಿದು ಬಂದವಳು ಅಪ್ಪ ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ.

"ಗುಡೀಲಿ ಎಲ್ಲರ ಕೈಗೂ ತೀರ್ಥ ಹಾಕ್ತೀರಿ. ಬಾಗಿಲಿಗೆ ಬಂದವನಿಗೆ ಒಂದು ಲೋಟ ನೀರು ಕೊಡೋಕಾಗಲಿಲ್ವಾ ಅಪ್ಪಾ?"

ಹರಿಪ್ರಸಾದರ ಮುಖ ಬಿಳಿಚಿತು. ಅವರೂ ಹಟದಲ್ಲಿ ಮಗಳಿಗೆ ಕಡಿಮೆಯವರಲ್ಲ.

"ಇಷ್ಟು ವರ್ಷಕ್ಕೆ ನನ್ನನ್ನ ಇಷ್ಟೇ ಅಂತ ತಿಳಿದಿದ್ರೆ, ಹಾಗೇ ತಿಳ್ಕೋ ತಾಯಿ," ಎಂದು ಒಳಗೆ ಹೋದರು.

ಗುರು ಫೋನ್ ಮಾಡುತ್ತಲೇ ಇದ್ದ. ತಲೆ ತಗ್ಗಿಸಿ ಸುಮ್ಮನೆ ವಾಪಸ್ ಹೋದವನ ಮೇಲೂ ಅವಳಿಗೆ ಸಿಟ್ಟು. ಫೋನ್ ಆಫ್ ಮಾಡಿದಳು. ಭಾನುವಾರ ಬೆಳಿಗ್ಗೆ ಅಪ್ಪ ಗುಡಿಗೆ ಹೋದ ಮೇಲೆ ಅದನ್ನು ಮೇಜಿನ ಮೇಲೇ ಬಿಟ್ಟು, ಬಟ್ಟೆಯ ಬ್ಯಾಗು ಹಿಡಿದು ಹೊರಟಳು. ಅಡುಗೆಮನೆಯಿಂದ ಬಂದ ತಾಯಿ ರಂಗನಾಯಕಿಗೆ, ನಾನು ವಾಪಸ್ ಬರುವುದಿಲ್ಲ ಎಂದಷ್ಟೇ ಹೇಳಿದಳು. ಅವರು ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಕುಸಿದರು. ಅವಳು ತಿರುಗಿ ನೋಡಲಿಲ್ಲ, ನೋಡಿದ್ದರೆ ಹೋಗಲಾಗುತ್ತಿರಲಿಲ್ಲ.

ತಿ. ನರಸೀಪುರದಲ್ಲಿ ಇಳಿದು ನೋಡಿದರೆ ಶಾಪಿಗೆ ಬೀಗ.

ಎದುರು ಟೀ ಅಂಗಡಿಯ ಮರಿಸ್ವಾಮಿ ಹೇಳಿದ. "ಗುರುನಾ? ಬೆಳಿಗ್ಗೇನೇ ಆ ಕಲ್ಲ ಗಾಡಿಗೆ ಏರ್ಕಂಡು ಓದ ಕಣವ್ವ. ಯಾರ್ಗೋ ಕೊಟ್ಟುಟ್ಟು ಬತ್ತೀನಿ ಅಂದ."

'ಯಾರಿಗೋ...'

ನನಗೆ ಕೊಡುತ್ತೇನೆ ಎಂದ ಕಲ್ಲನ್ನು ಒಂದೇ ದಿನಕ್ಕೆ ಮಾರಿಬಿಟ್ಟನೇ? ಅಪ್ಪ ಕೈ ಮುಗಿದ ಮಾತ್ರಕ್ಕೆ ನನ್ನನ್ನೂ ಕೈಬಿಟ್ಟನೇ? ಅತ್ತ ಹೊಸಿಲು ದಾಟಿ ಬಂದಾಗಿದೆ, ಇತ್ತ ಬಾಗಿಲಿಗೆ ಬೀಗ. ಅತ್ತ ದರಿ, ಇತ್ತ ಪುಲಿ ಅಂದರೆ ಇದೇ.

ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಳು. ಮೈಸೂರಿನ ಬಸ್ಸು ಬಂತು, ಅಲ್ಲಿ ಗೆಳತಿ ಮಾನಸ ಇದ್ದಾಳೆ. ಹತ್ತಲು ಎದ್ದಳು. ಆದರೆ ಅಮ್ಮ ಕುಸಿದು ಕೂತದ್ದು ಕಣ್ಣ ಮುಂದಿನಿಂದ ಹೋಗಲೇ ಇಲ್ಲ. ನಾಚಿಕೆ ಬಿಟ್ಟು ನಂಜನಗೂಡಿನ ಬಸ್ಸು ಹತ್ತಿದಳು. ಹದಿನಾರು ಎಂಬ ಊರು ದಾಟುವಾಗ ಅಳು ತಡೆಯಲಾಗಲಿಲ್ಲ, ಪಕ್ಕದವರು ನೋಡುತ್ತಿದ್ದರೂ ಅತ್ತಳು.

ಮನೆ ಮುಂದೆ ಅದೇ ಗೂಡ್ಸ್ ಆಟೋ ನಿಂತಿತ್ತು.

ಹಜಾರದಲ್ಲಿ ಅಪ್ಪನ ಎದುರು ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕಾಫಿ ಕುಡಿಯುತ್ತಿದ್ದರು. ಗುರುವಿನ ತಾಯಿ ಪುಟ್ಟಮಾದಮ್ಮ. ಮನೆಯವರೆಲ್ಲ ಕುಡಿಯುವ ಅದೇ ಲೋಟ.

"ಬಾ ಮಗಾ," ಅಂದರು ಆಕೆ. "ತಪ್ಪು ನಂದು ಕಣವ್ವ. ಶನಿವಾರ ಯಾರಾರ ಮನೆಗೆ ಕಬ್ಬುಣ ತತ್ತಾರಾ? ಅದೂ ಸೊಸೆ ಆಗಿ ಬರೋ ಎಣ್ಣಿನ ಮನೆಗೆ. ಇಳುಸ್‌ಬೇಡ ಕಣ್ಲಾ ಅಂತ ನಾನೇ ಪೋನ್ ಮಾಡ್ದೆ."

ಶನಿವಾರ! ಅರ್ಚಕರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದೊಂದು ನೆನಪಾಗಿರಲಿಲ್ಲ ನೋಡಿ. ಪರೀಕ್ಷೆ ಹೂಡಿದವಳೇ ಫೇಲಾಗಿದ್ದಳು.

ನಿನ್ನೆ ನಡೆದದ್ದನ್ನು ಹರಿಪ್ರಸಾದರು ನಿಧಾನವಾಗಿ ಹೇಳಿದರು. ಪರವಾಗಿಲ್ಲ ಇಳಿಸಪ್ಪ ಎಂದು ತಾವೇ ಹೇಳಿದ್ದರಂತೆ. ಹುಡುಗ ಒಪ್ಪದೆ, ನಾಳೆ ಅವ್ವನನ್ನು ಕರೆದುಕೊಂಡು ಬಂದು ಹೆಣ್ಣು ಕೇಳುತ್ತೇನೆ ಅಂದನಂತೆ. ಆ ಮಾತಿಗೆ ಇವರು, ಬನ್ನಿ ಎಂದು ಕೈ ಮುಗಿದಿದ್ದರು.

"ಇಷ್ಟು ದಿನ ಸುಮ್ಮನಿದ್ದೆ ನಿಜ. ಮೊದಮೊದಲು ನನಗೂ ಕಷ್ಟ ಆಯ್ತು, ಸುಳ್ಳು ಹೇಳಲ್ಲ," ಅಂದರು. "ಆಮೇಲೆ ಅವನೇ ಬಂದು ಕೇಳಲಿ ಅಂತ ಕಾದೆ."

ಸುಚೇತಾ ಅಪ್ಪನ ಕಾಲ ಬಳಿ ಕೂತು ಅವರ ಮಂಡಿಗೆ ಹಣೆ ಹಚ್ಚಿದಳು. ಅವರು ತಲೆ ಸವರಿ, ಹಿತ್ತಲಿಗೆ ಹೋಗು, ಅವನು ಕಾಯ್ತಿದ್ದಾನೆ ಅಂದರು.

ಹಿತ್ತಲಲ್ಲಿ ಗುರು ಅಡಿಗಲ್ಲನ್ನು ಹುಣಸೆ ಕೊರಡಿನ ಮೇಲೆ ಕೂರಿಸಿ, ಅಲುಗದಂತೆ ಮೊಳೆ ಹೊಡೆಯುತ್ತಿದ್ದ. ಕುಂಕುಮ ಹಚ್ಚಿ ಪೂಜೆ ಮಾಡಲೆಂದು ರಂಗನಾಯಕಿ ಕೊಟ್ಟ ನಿಂಬೆಹಣ್ಣು ಪಕ್ಕದಲ್ಲಿತ್ತು.

"ನೀವು ಇದನ್ನೆಲ್ಲ ನಂಬ್ತೀರಾ?" ಸುಚೇತಾ ಕೇಳಿದಳು. "ನಾನು ಸತ್ತೇ ಹೋದೆ ಅನ್ಕೊಂಡಿದ್ದೆ."

"ನಂಬಲ್ಲ." ಗುರು ಸುತ್ತಿಗೆ ಕೆಳಗಿಟ್ಟ. "ಆದ್ರೆ ಭಯ ಆಯ್ತು ಸುಚೇತಾ. ಮೊದಲೇ ನಮ್ಮಿಬ್ರ ಮದ್ವೆ ಅಂದ್ರೆ ಊರವ್ರೆಲ್ಲ ತಪ್ಪು ಹುಡುಕ್ತಾರೆ. ನಾಳೆ ನಿಮಗೆ ಒಂದು ತಲೆನೋವು ಬಂದ್ರೂ, ಶನಿವಾರದ ಕಬ್ಬಿಣ ತಂದಿದ್ದಕ್ಕೇ ಆಯ್ತು ಅಂತಾರೆ. ಅಂಥ ಒಂದು ಮಾತಿಗೂ ಜಾಗ ಕೊಡಬಾರ್ದು ಅನ್ನಿಸ್ತು. ನೀವಂದ್ರೆ ನಂಗೆ ಅಷ್ಟು ಆಸೆ."

ಅವಳು ಕಣ್ಣೊರೆಸಿಕೊಂಡು, ನಿಂಬೆಹಣ್ಣು ಕತ್ತರಿಸಲು ಚಾಕು ಕೇಳಿ ಕೈ ಚಾಚಿದಳು. ಗುರು ಜೇಬಿನಿಂದ ಚಾಕು ತೆಗೆದು ಬಿಡಿಸಿ, ಅವಳ ಕೈಗೆ ಕೊಡದೆ ಅಡಿಗಲ್ಲಿನ ಮೇಲಿಟ್ಟ.

"ಕೈಗೇ ಕೊಡು ಗುರು."

ನೀವು ಹೋಗಿ ನೀನು ಆದದ್ದಕ್ಕೆ ಅವನ ಕಿವಿ ಕೆಂಪಾಯಿತು.

"ಚಾಕು ಕೈಯಿಂದ ಕೈಗೆ ಕೊಟ್ರೆ ಇಬ್ರಿಗೂ ಜಗಳ ಆಯ್ತದಂತೆ."

"ಆಗಲಿ ಬಿಡು. ಜಗಳ ಆಡೋಕಾದ್ರೂ ಇಬ್ರೂ ಒಂದೇ ಮನೇಲಿರಬೇಕಲ್ಲ..."

ಗುರು ಚಾಕುವನ್ನೆತ್ತಿ, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ, ಕೈಗೇ ಕೊಟ್ಟ.