ಹಾಡು ಕೆಡಿಸುವ ಕೋಣೆ

ಏಳನೆಯ ತಾರೀಕು, ಮಂಗಳವಾರ, ರಾತ್ರಿ ಹನ್ನೊಂದು ನಲವತ್ತಕ್ಕೆ ಠಾಣೆಯ ಕಂಪ್ಯೂಟರ್ ‘ಟಿಣ್’ ಎಂದಿತು. ಹಗಲಿನಲ್ಲಾಗಿದ್ದರೆ ಅಷ್ಟು ಸಣ್ಣ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಪಾಳಿಯಲ್ಲಿದ್ದ ಇನ್ಸ್‌ಪೆಕ್ಟರ್ ಕತ್ತೆತ್ತಿದರು. ಮನೆಯಲ್ಲಿ ಕಾಯುವವರಿಲ್ಲದ ಅವರು ಬೇರೆಯವರ ರಾತ್ರಿ ಪಾಳಿಯನ್ನೂ ಮಾಡಿಕೊಡುವುದು ಠಾಣೆಗೆ ಎಷ್ಟು ರೂಢಿಯಾಗಿತ್ತೆಂದರೆ, ಈಗ ಯಾರೂ ಅವರನ್ನು ಕೇಳುತ್ತಿರಲಿಲ್ಲ, ಪಟ್ಟಿಯಲ್ಲಿ ಹೆಸರು ಬರೆದುಬಿಡುತ್ತಿದ್ದರು.

ಬಂದದ್ದು ಒಂದು ದೂರು. ಕಳಿಸಿದವರು ಸಂಗೀತ ಕಂಪನಿಯೊಂದರ ನಕಲು ತಡೆ ವಿಭಾಗದ ಅಧಿಕಾರಿ. ಇಪ್ಪತ್ತನೆಯ ತಾರೀಕು ಮಾರಾಟಕ್ಕೆ ಬರಬೇಕಿದ್ದ ಒಂಬತ್ತು ಹಾಡುಗಳು ‘ಹಳೇ ಟೇಪು’ ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿವೆ. ಇದೇ ಹೆಸರಿನವರು ಹನ್ನೊಂದು ತಿಂಗಳಲ್ಲಿ ಕಂಪನಿಯ ಮೂವತ್ತೊಂದು ಹಾಡುಗಳನ್ನು ಹೀಗೆ ಹೊರಗೆ ಬಿಟ್ಟಿದ್ದಾರೆ ಎಂದಿತ್ತು.

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಅಧಿಕಾರಿ ತಾನೇ ಬಂದ. ಶರ್ಟಿಗೆ ಚೆನ್ನಾಗಿ ಇಸ್ತ್ರಿಯಾಗಿತ್ತು, ಕಣ್ಣಿಗೆ ನಿದ್ದೆಯಾಗಿರಲಿಲ್ಲ.

“ಅಷ್ಟು ಹೊತ್ತಿನ ತನಕ ಆಫೀಸಲ್ಲಿದ್ರಾ?” ಇನ್ಸ್‌ಪೆಕ್ಟರ್ ಕೇಳಿದರು.

“ನಮ್ಮ ವಿಭಾಗದಲ್ಲಿ ಹನ್ನೆರಡು ಜನ ಇದ್ವಿ ಮೇಡಂ. ಈಗ ನಾನೊಬ್ಬನೇ. ಬೋರ್ಡು ಮಾತ್ರ ಹಾಗೇ ಇದೆ.”

“ಯಾರ ಮೇಲೆ ಅನುಮಾನ?”

“ಎಲ್ಲರ ಮೇಲೂ. ಅದೇ ತಾನೇ ನನ್ನ ಕೆಲಸ.”

“ಈ ಹಾಡುಗಳೂ ಮಾರಾಟ ಆಗದೇ ಹೋದ್ರೆ?”

“ಸ್ಟುಡಿಯೋ ಮುಚ್ತಾರೆ. ನಲವತ್ತೊಂದು ಜನ ಬೀದಿಗೆ ಬೀಳ್ತೀವಿ.”

ಹತ್ತೂ ಐವತ್ತಕ್ಕೆ ಕೃತಿಸ್ವಾಮ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ‘ಹಳೇ ಟೇಪು’ ಯಾರ ಖಾತೆ, ಹಾಡು ಕೇಳಿ ಅದಕ್ಕೆ ಪತ್ರ ಬರೆದವರಿದ್ದರೆ ಅವರು ಯಾರು ಎಂದು ತಿಳಿಸುವಂತೆ, ಹಾಡುಗಳು ಸಿಗುತ್ತಿದ್ದ ಜಾಲತಾಣದವರಿಗೆ ನೋಟಿಸು ಹೋಯಿತು. ಅವರ ಕಚೇರಿ ಕಡಲಾಚೆ. ಉತ್ತರ ಯಾವ ಕಾಲಕ್ಕೆ ಬರುವುದೋ ಎಂದು ಕಾಯುವಂತಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಇನ್ಸ್‌ಪೆಕ್ಟರ್, ಠಾಣೆಯವರೆಲ್ಲ ‘ಕಡ್ಡಿ’ ಎಂದು ಕರೆಯುವ ಕಾನ್‌ಸ್ಟೆಬಲನ ಜೊತೆ ಕಂಪನಿಗೆ ಹೋದರು. ಕೆಳಮಹಡಿ ಖಾಲಿ. ಹಿಂದೆ ಕ್ಯಾಸೆಟ್ಟು, ಆಮೇಲೆ ಸಿ.ಡಿ. ತಯಾರಾಗುತ್ತಿದ್ದ ಜಾಗವದು. ಯಂತ್ರಗಳನ್ನು ಕಿತ್ತ ಕಡೆ ನೆಲದಲ್ಲಿ ನಾಲ್ಕು ನಾಲ್ಕು ತೂತುಗಳು ಉಳಿದಿದ್ದವು. ಕಡ್ಡಿಯ ಬೂಟಿನ ಸದ್ದು ಗೋಡೆಗೆ ಬಡಿದು ಹಿಂದಿರುಗಿ ಬಂತು.

“ಮೇಡಂ, ಇಲ್ಲಿ ಕೆಮ್ಮಿದ್ರೂ ಇಬ್ಬರು ಕೆಮ್ಮಿದ ಹಾಗೆ ಕೇಳುತ್ತೆ.”

“ಹಾಗಾದ್ರೆ ಕೆಮ್ಮಬೇಡ.”

ಮಾರಾಟಕ್ಕೆ ಮೊದಲು ಆ ಒಂಬತ್ತು ಹಾಡುಗಳು ಇದ್ದದ್ದು ಆರು ಜನರ ಕಂಪ್ಯೂಟರುಗಳಲ್ಲಿ. ಐದು ಜನರ ಹೇಳಿಕೆ ಸಂಜೆಯೊಳಗೆ ಮುಗಿಯಿತು. ಆರನೆಯವರು ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿದ್ದರು.

“ಅದು ಹುಳಿ ಅಕ್ಕನ ಕೋಣೆ,” ಅಂದ ಧ್ವನಿಮುದ್ರಕ, ಅಂದರೆ ಸ್ಟುಡಿಯೋದಲ್ಲಿ ಹಾಡು ದಾಖಲಿಸಿಕೊಳ್ಳುವವನು.

“ಹುಳಿ?”

“ಹಾಲಿಗೆ ಹುಳಿ ಹಿಂಡೋರಲ್ವಾ ಮೇಡಂ. ಒಳ್ಳೇ ಹಾಡು ಕೆಡಿಸೋದೇ ಅವರ ಕೆಲಸ. ಬೇಕಾದ್ರೆ ಕೇಳಿ, ಸಂಬಳ ಕೊಟ್ಟು ಮಾಡಿಸ್ತಾರೆ.”

ಅದು ತಮಾಷೆಯಲ್ಲ. ಪುಕ್ಕಟೆ ಹಾಡು ಹುಡುಕುವವರಿಗೆ ಬೇಸರ ಹುಟ್ಟಿಸಲು ಕಂಪನಿಯೇ ಕೆಟ್ಟ ಪ್ರತಿಗಳನ್ನು ಇಂಟರ್‌ನೆಟ್ಟಿಗೆ ಬಿಡುತ್ತಿತ್ತು. ಹಾಡು ಒಂದು ನಿಮಿಷ ಸರಿಯಾಗಿ ಬರುತ್ತದೆ, ಕೇಳುವವನು ಮೈಮರೆಯುವ ಹೊತ್ತಿಗೆ ಕಿವಿ ಸೀಳುವ ಕೀರಲು. ಆ ಕೀರಲು ಹಾಕುವುದು, ನೂರಾರು ಸುಳ್ಳು ಹೆಸರುಗಳಲ್ಲಿ ಹಾಡುಗಳನ್ನು ಹರಿಯಬಿಡುವುದು ಈಕೆಯ ಕೆಲಸ. ಹೆಸರುಗಳನ್ನು ಈಕೆಯೇ ಇಡುತ್ತಿದ್ದಳು. ಆ ಹೆಸರುಗಳ ಪಟ್ಟಿಯನ್ನು ಕಂಪನಿಯಲ್ಲಿ ಯಾರೂ ಕೇಳಿರಲಿಲ್ಲ.

ಐವತ್ತರ ಆಚೀಚಿನ ಹೆಂಗಸು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಒಂದೇ ಕುರ್ಚಿ. ಇನ್ಸ್‌ಪೆಕ್ಟರಿಗೆ ಅದನ್ನು ಬಿಟ್ಟುಕೊಟ್ಟು ಆಕೆ ನಿಂತೇ ಉತ್ತರಿಸಿದಳು.

“ಮೊದಲಿಂದ ಇದೇ ಕೆಲಸವಾ?”

“ಅಲ್ಲ. ಮೊದಲು ಹಾಡು ಚೊಕ್ಕ ಮಾಡ್ತಿದ್ದೆ. ಹಾಡೋರ ಕೆಮ್ಮು, ಉಸಿರು, ಬಳೆ ಸದ್ದು, ಎಲ್ಲ ತೆಗೀತಿದ್ದೆ. ಇಪ್ಪತ್ತೆರಡು ವರ್ಷ.”

“ಈಗಿನ ಕೆಲಸ ಹೇಗಿದೆ?”

“ಸುಲಭ,” ಅಂದಳು ಆಕೆ.

ಆರು ಕಂಪ್ಯೂಟರುಗಳ ಪ್ರತಿ ತೆಗೆದು, ಪಂಚರ ಸಹಿ ಹಾಕಿಸಿ, ಆರೂಕಾಲಿಗೆ ಪಂಚನಾಮೆ ಮುಗಿಸಿದರು.

ಗುರುವಾರ ಇಡೀ ದಿನ ಠಾಣೆಯಲ್ಲಿ ಹಾಡು ಕೇಳುವುದೇ ತನಿಖೆಯಾಯಿತು. ಕಳುವಾದ ಮೊದಲ ಹಾಡು ಹಾಕಿದ ಕಡ್ಡಿ ಕಂಪ್ಯೂಟರಿನ ತಲೆಗೆ ಮೊಟಕಿದ.

“ಕೆಟ್ಟು ಕೂತಿದೆ ಮೇಡಂ. ಬಾಯೇ ಬಿಡ್ತಿಲ್ಲ.” ಅಷ್ಟರಲ್ಲಿ ಹಾಡು ಶುರುವಾಯಿತು.

ಎರಡನೆಯದಕ್ಕೂ ಹಾಗೇ ಆದಾಗ ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ನಾಲ್ಕು ಸೆಕೆಂಡು ಮೌನ. ಮೂವತ್ತೊಂದಕ್ಕೂ ಅಷ್ಟೇ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಸ್ಟುಡಿಯೋದ ಮೂಲ ಪ್ರತಿಗಳು ಒತ್ತಿದ ಕೂಡಲೇ ಹಾಡುತ್ತಿದ್ದವು. ಅನುಮಾನ ಬಂದು, ಕಂಪನಿಯೇ ಬಿಟ್ಟ ಕೆಟ್ಟ ಹಾಡುಗಳಲ್ಲಿ ಇಪ್ಪತ್ತನ್ನು ಹಾಕಿಸಿದರು. ನಾಲ್ಕು ಸೆಕೆಂಡು ಮೌನ, ಒಂದು ನಿಮಿಷ ಹಾಡು, ಕೀರಲು. ಇಪ್ಪತ್ತನೆಯ ಹೊತ್ತಿಗೆ ಕಡ್ಡಿ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಕೂತಿದ್ದ.

ಧ್ವನಿಮುದ್ರಕನನ್ನು ಫೋನಿನಲ್ಲಿ ಕೇಳಿದರು. “ಹಾಡಿನ ಮೊದಲು ಖಾಲಿ ಬಿಡೋ ಪದ್ಧತಿ ಇದೆಯಾ?”

“ಟೇಪಿನ ಕಾಲದಲ್ಲಿತ್ತು ಮೇಡಂ, ಮೊದಲ ತುಂಡು ಖಾಲಿ ಇರಬೇಕಿತ್ತು. ಈಗ ಯಾರಿಗೆ ಬೇಕು ಅದು. ಕೈಗೆ ರೂಢಿ ಬಿದ್ದು ಈಗಲೂ ಬಿಡೋರು ಅಂದ್ರೆ ಒಬ್ಬರೇ…” ಅವನು ತಡೆದ. “ಮೇಡಂ, ಅವರು ಅಂಥೋರಲ್ಲ.”

ಶುಕ್ರವಾರ ಬೆಳಿಗ್ಗೆ ಹಾಜರಿ ಪುಸ್ತಕ ತರಿಸಿದರು. ಜಾಲತಾಣದಲ್ಲಿ ಕಾಣುತ್ತಿದ್ದ ಸಮಯದ ಪ್ರಕಾರ ಮೂವತ್ತೊಂದು ಹಾಡುಗಳೂ ಸಂಜೆ ಐದೂವರೆಯಿಂದ ಆರರೊಳಗೆ ಹೊರಗೆ ಹೋಗಿದ್ದವು, ಎಲ್ಲವೂ ಆಕೆ ಕೆಲಸಕ್ಕೆ ಬಂದ ದಿನಗಳಲ್ಲೇ. ತನ್ನ ಅಕ್ಕನ ಆಪರೇಷನ್ನಿಗೆಂದು ಆಕೆ ರಜೆ ಹಾಕಿದ್ದ ಮೂರು ವಾರ ‘ಹಳೇ ಟೇಪು’ ತೆಪ್ಪಗಿತ್ತು.

ಸಂಜೆ ಐದೂ ಹತ್ತಕ್ಕೆ ಕೊನೆಯ ಕೋಣೆಯ ಬಾಗಿಲು ತಟ್ಟಿದರು.

“ಪ್ರತಿ ಹಾಡಿನ ಮುಂದೆ ನಾಲ್ಕು ಸೆಕೆಂಡು ಯಾಕೆ ಬಿಡ್ತೀರಿ?”

ಆಕೆ ತಲೆಯಿಂದ ಹೆಡ್‌ಫೋನ್ ತೆಗೆದಳು. ಮುಖದಲ್ಲಿ ಗಾಬರಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

“ಬಿಡ್ತೀನಾ?” ಅಂದಳು. ಆಮೇಲೆ, “ಕೇಳೋರು ಸರಿಯಾಗಿ ಕೂತ್ಕೊಳ್ಳೋಕೆ ಹೊತ್ತು ಬೇಡ್ವಾ ಮೇಡಂ.”

ಐದೂವರೆಗೆ ಬಂಧನ. ಮರುದಿನ ನ್ಯಾಯಾಧೀಶರು ಆಕೆಯನ್ನು ನಾಲ್ಕು ದಿನ ಪೊಲೀಸರ ವಶಕ್ಕೆ ಕೊಟ್ಟರು. ತಪ್ಪನ್ನು ಆಕೆ ಅಲ್ಲಗಳೆಯಲಿಲ್ಲ.

“ದುಡ್ಡಿಗಾಗಿ ಮಾಡಿದೆ ಅಂತ ಬರ್ಕೊಳ್ಳಿ.”

“ಒಂದು ಕಾಸೂ ಬಂದಿಲ್ಲ. ನೋಡಿದ್ದೀವಿ. ನಿಜ ಹೇಳಿ.”

ಆಕೆ ಬಹಳ ಹೊತ್ತು ಸೆರಗಿನ ಅಂಚು ಮಡಿಸಿದಳು, ಬಿಡಿಸಿದಳು.

“ಕೆಡಿಸಿದ ಹಾಡಿನ ಕೆಳಗೆ ಜನ ಬರೀತಾರೆ ಮೇಡಂ. ನಿನ್ನ ಕೈ ಸೇದಿಹೋಗ, ನಿನ್ನ ಮನೆ ಹಾಳಾಗ. ದಿನಾ ಐವತ್ತು, ಅರವತ್ತು. ಎರಡು ವರ್ಷ ಓದಿದೆ. ಓದಬೇಡ ಅಂತ ಅಕ್ಕ ಬೈದಳು. ಮತ್ತೆ ಬೇರೆ ಯಾರು ನನಗೆ ಬರೀತಾರೆ? ಒಂದು ದಿನ ಕೈತಪ್ಪಿ, ಹಿಂದೆ ನಾನೇ ಚೊಕ್ಕ ಮಾಡಿದ್ದ ಹಾಡೊಂದರ ಒಳ್ಳೇ ಪ್ರತಿ ಹೋಯ್ತು, ಹಳೇ ಟೇಪು ಅನ್ನೋ ಹೆಸರಲ್ಲಿ. ಗೊತ್ತಾಗಿ ತೆಗೆಯೋಕೆ ಹೋದೆ. ಅಷ್ಟರಲ್ಲಿ ಒಬ್ಬರು ಬರೆದಿದ್ರು.”

“ಏನಂತ?”

ಆಕೆಗೆ ಅದು ಬಾಯಿಪಾಠವಾಗಿತ್ತು. “ಅಕ್ಕನೋ ಅಣ್ಣನೋ ತಿಳಿಯದು. ಹಾಡಿನ ನಡುವೆ ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ನಿಮ್ಮಿಂದ ಉಪಕಾರವಾಯಿತು. ಇನ್ನೂ ಇದ್ದರೆ ಹಾಕಿ.” ಆಕೆಯ ದನಿ ತಗ್ಗಿತು. “ಅಷ್ಟು ವರ್ಷ ಉಸಿರು ತೆಗೆದುಹಾಕಿದ್ದು ನಾನು. ಆ ಒಂದು ಹಾಡಲ್ಲಿ ಮಾತ್ರ ತೆಗೆಯೋಕೆ ಮನಸ್ಸು ಬಂದಿರಲಿಲ್ಲ. ಅದನ್ನ ಕೇಳಿಸಿಕೊಂಡೋರು ಇದ್ದಾರಲ್ಲ, ಅನ್ನಿಸ್ತು. ಆಮೇಲೆ ಹಾಡು ಹಾಕಿದಾಗಲೆಲ್ಲ ಅವರು ಎರಡು ಮಾತು ಬರೆಯೋರು. ಮನೆಗೆ ಹೋಗಿ ಅಕ್ಕನಿಗೆ ಹೇಳ್ತಿದ್ದೆ, ಇವತ್ತು ನಮ್ಮ ಕೇಳುಗರು ಹೀಗಂದ್ರು ಅಂತ.”

“ನಲವತ್ತೊಂದು ಜನರ ಕೆಲಸ ನೆನಪಾಗ್ಲಿಲ್ವಾ?”

“ಆಗ್ತಿತ್ತು. ಆದ್ರೂ ಹಾಕ್ತಿದ್ದೆ.”

ಸೋಮವಾರ ಹನ್ನೊಂದಕ್ಕೆ ಜಾಲತಾಣದವರ ಉತ್ತರ ಬಂತು. ‘ಹಳೇ ಟೇಪು’ ಖಾತೆಯ ವಿಳಾಸ ಕಂಪನಿಯ ಕಟ್ಟಡ. ಅದಕ್ಕೆ ಪತ್ರ ಬರೆಯುತ್ತಿದ್ದ ಕೇಳುಗನ ವಿಳಾಸವೂ ಅದೇ ಕಟ್ಟಡ. ಇನ್ಸ್‌ಪೆಕ್ಟರ್ ಕಾಗದವನ್ನು ಎರಡು ಸಲ ಓದಿ, ಒಬ್ಬರೇ ಜೀಪು ಹತ್ತಿದರು.

ನಕಲು ತಡೆ ಅಧಿಕಾರಿ ಮುಚ್ಚುಮರೆ ಮಾಡಲಿಲ್ಲ. “ನಾನೇ ಮೇಡಂ. ಕಳ್ಳರಿಗೆ ಬೆಣ್ಣೆ ಹಚ್ಚಬೇಕು. ಹೊಗಳಿದ್ರೆ ಇನ್ನಷ್ಟು ಹಾಕ್ತಾರೆ, ಹಾಕ್ತಾ ಹಾಕ್ತಾ ಎಲ್ಲೋ ಎಡವುತ್ತಾರೆ. ದೂರಲ್ಲಿ ಬರೀಲಿಲ್ಲ, ಇದು ದಿನನಿತ್ಯದ ಕೆಲಸ.” ಪಟ್ಟಿ ತೆಗೆದುಕೊಟ್ಟ. ಅರವತ್ತೆರಡು ಖಾತೆಗಳು, ಅರವತ್ತೆರಡಕ್ಕೂ ಮೊದಲು ಹೋದದ್ದು ಅದೇ ಪತ್ರ. ಅಕ್ಕನೋ ಅಣ್ಣನೋ ತಿಳಿಯದು.

“ಉಸಿರು ಕೇಳಿಸಿತು ಅಂತ ಬರೆದಿದ್ದೀರಿ.”

“ನಾನು ಹಾಡು ಕೇಳೋದಿಲ್ಲ ಮೇಡಂ. ಯಾವ ಹಾಡಲ್ಲಾದ್ರೂ ಉಸಿರು ಇದ್ದೇ ಇರುತ್ತಲ್ಲ.” ಇನ್ಸ್‌ಪೆಕ್ಟರ್ ಪಟ್ಟಿಯನ್ನು ಮಡಿಸುವಾಗ ಅವನು ಚಾವಣಿಯತ್ತ ನೋಡಿದ. “ಆಯಮ್ಮ ನನ್ನ ತಲೆ ಮೇಲಿನ ಕೋಣೇಲಿ ಇದ್ರು. ಲಿಫ್ಟಲ್ಲಿ ಸಿಕ್ತಿದ್ರು. ಒಂದು ದಿನವೂ ಮಾತಾಡಿರಲಿಲ್ಲ.”

ಮಂಗಳವಾರ ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ ಪಟ್ಟಿಯನ್ನು ಆಕೆಯ ಮುಂದಿಟ್ಟರು. ಇಡದೆ ಇರಲು ಹಿಂದಿನ ರಾತ್ರಿಯೆಲ್ಲ ಕಾರಣ ಹುಡುಕಿದ್ದರು, ಒಂದೂ ಸಿಕ್ಕಿರಲಿಲ್ಲ.

“ಇದು ಕಡತದಲ್ಲಿ ಇರುತ್ತೆ. ಕಂಪನಿಯವರೇ ‘ಇನ್ನೂ ಹಾಕಿ’ ಅಂತ ಬರೆದಿದ್ದಾರೆ. ನಿಮ್ಮ ಲಾಯರು ಇದನ್ನ ಎತ್ತಿ ಹಿಡಿದ್ರೆ ಶಿಕ್ಷೆ ಕಡಿಮೆ ಆಗಬಹುದು. ಅವರಿಗೆ ಹೇಳಿ.”

ಆಕೆ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ನಲವತ್ತನೆಯ ಸಾಲಿನಲ್ಲಿ ‘ಹಳೇ ಟೇಪು’ ಇತ್ತು. ಬೆರಳು ಅಲ್ಲಿ ನಿಂತಿತು, ಮುಂದೆ ಹೋಯಿತು, ಕೊನೆಯವರೆಗೂ ಓದಿತು.

“ಲಾಯರು ತಾವಾಗೇ ನೋಡಿದ್ರೆ ನೋಡಲಿ,” ಅಂದಳು. “ನಾನು ಯಾರಿಗೂ ಹೇಳಲ್ಲ.”

“ನಿಮಗೆ ಅನುಕೂಲ ಆಗೋ ವಿಷಯ ಇದು.”

“ಗೊತ್ತು ಮೇಡಂ.”

ಅಷ್ಟರಲ್ಲಿ ಕಡ್ಡಿ ಆಕೆಯ ಅಕ್ಕನನ್ನು ಕರೆತಂದ. ಕೋಲೂರಿಕೊಂಡು ಬಂದ ಮುದುಕಿ ಒಗೆದ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು, ತಂಗಿಯ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದಳು.

“ಊಟ ಮಾಡ್ತಿದ್ದೀಯೇನೇ? ಕೆನ್ನೆ ಒಳಗೆ ಹೋಗಿದೆ.” ಆಮೇಲೆ ದನಿ ತಗ್ಗಿಸಿದಳು. “ನಿಮ್ಮ ಆ ಕೇಳುಗರನ್ನೂ ಹಿಡಿದುಬಿಟ್ರಾ? ಪಾಪ, ಅವರದೇನು ತಪ್ಪು.”

ಇನ್ಸ್‌ಪೆಕ್ಟರ್ ಪಟ್ಟಿಯನ್ನು ಮೆಲ್ಲಗೆ ಕಡತದೊಳಗೆ ಸರಿಸಿದರು.

“ಇಲ್ಲ ಅಕ್ಕ,” ಅಂದಳು ಆಕೆ. “ಎಷ್ಟು ಹುಡುಕಿದ್ರೂ ಸಿಗಲಿಲ್ಲವಂತೆ. ಯಾವ ಊರಿನವರೋ ಏನೋ.”