ಅರವತ್ತೊಂದನೆಯ ಮತಗಟ್ಟೆಯ ಕಾರಣ

ಗೋಡೆಯ ಮೇಲಿನ ಬಿಳಿಯ ಪರದೆಯಲ್ಲಿ ಮೊದಲ ಸಾಲು ಮೂಡಿದಾಗ ಜನಮಂಗಳ ಪಕ್ಷದ ಆತ್ಮಾವಲೋಕನ ಸಮಿತಿಯ ಹನ್ನೊಂದು ಮಂದಿಯೂ ಕನ್ನಡಕ ಸರಿಪಡಿಸಿಕೊಂಡರು.

'ಕಣಿವೆಹಟ್ಟಿ ಕ್ಷೇತ್ರ. ಮತಗಟ್ಟೆ ಒಂದು. ಸೋಲಿನ ಮುಖ್ಯ ಕಾರಣ: ಬಸ್ ನಿಲ್ದಾಣದ ಬೇವಿನ ಮರ ಕಡಿದು ಆ ಜಾಗದಲ್ಲಿ ಕಟೌಟ್ ನಿಲ್ಲಿಸಿದ್ದು.'

ಹಿಂದೆಯೇ ಎರಡನೆಯ ಸಾಲು ಬಂತು. 'ಮತಗಟ್ಟೆ ಎರಡು. ಕಾರಣ: ಮಕ್ಕಳ ಪರೀಕ್ಷೆಯ ವಾರದಲ್ಲಿ ಮೈಕು.'

ರಾಜ್ಯಾಧ್ಯಕ್ಷ ವೃಷಭೇಂದ್ರಯ್ಯನವರು ಸಮಿತಿಯ ಕಡೆಗೆ ತಿರುಗಿ ನೋಡಿದರು. ಸಮಿತಿಯವರು ಮೇಜಿನ ಮೇಲಿದ್ದ ತಮ್ಮ ವರದಿಯನ್ನು ನೋಡಿದರು. ನೂರನಲವತ್ತು ಪುಟಗಳ ಆ ವರದಿಯಲ್ಲಿ ಎದುರು ಪಕ್ಷದ ಹಣಬಲ, ಜಾತಿಯ ಲೆಕ್ಕಾಚಾರ, ಮುಂಗಾರು ತಡವಾದದ್ದು, ಇವೆಲ್ಲ ಇದ್ದವು. ಬೇವಿನ ಮರ ಇರಲಿಲ್ಲ. ಯಂತ್ರವನ್ನು ತರಿಸುವ ಮೊದಲೇ ಅವರು ವರದಿಯನ್ನು ಬರೆದು ಮುಗಿಸಿದ್ದರು.

ಆ ಯಂತ್ರದ ಹೆಸರು ಕಾರಣದರ್ಶಕ. ಅದನ್ನು ನಿರ್ಮಿಸಿದವರು ಡಾ. ಪ್ರಫುಲ್ಲಾ ಭಂಡಾರಿ. ಮನುಷ್ಯನು ಒಂದು ಗುಂಡಿಯನ್ನು ಒತ್ತುವ ಮುನ್ನ, ಅವನಿಗೂ ತಿಳಿಯದಂತೆ, ಯಾವುದೋ ಒಂದು ನೆನಪು ಅವನ ಮಿದುಳಿನಲ್ಲಿ ಹೊತ್ತಿಕೊಳ್ಳುತ್ತದೆ. ಆ ನೆನಪಿನ ಸೂಕ್ಷ್ಮವಾದ ನಡುಕ ಹೆಬ್ಬೆರಳಿನ ತುದಿಯವರೆಗೂ ಹರಿದು ಬರುತ್ತದೆ. ಇದಕ್ಕೆ ಅವರು ಸ್ಮೃತಿಕಂಪನ ಎಂದು ಹೆಸರಿಟ್ಟಿದ್ದರು. ಮತಯಂತ್ರದ ಗುಂಡಿಗಳ ಕೆಳಗೆ ಕೂರಿಸಿದ ತೆಳುವಾದ ಹಾಳೆ ಆ ಕಂಪನವನ್ನು ಗ್ರಹಿಸಿ ಮಾತಿಗೆ ಇಳಿಸುತ್ತಿತ್ತು. ಮತ ಯಾರದೆಂಬುದು ಅದಕ್ಕೆ ತಿಳಿಯದು. ಒಂದು ಮತಗಟ್ಟೆಯಲ್ಲಿ ಹೆಚ್ಚು ಜನರ ಬೆರಳನ್ನು ನಡೆಸಿದ ಕಾರಣ ಯಾವುದೆಂದಷ್ಟೇ ಹೇಳುತ್ತಿತ್ತು. ಎಲ್ಲ ಪಕ್ಷಗಳಿಗೂ ಅದನ್ನು ಪಡೆಯುವ ಹಕ್ಕಿತ್ತು. ಗೆದ್ದವರು ಯಾರೂ ಕೇಳುತ್ತಿರಲಿಲ್ಲ.

"ಜನ ಬಾಯಲ್ಲಿ ರಸ್ತೆ, ನೀರು ಅಂತಾರಲ್ಲ ಮೇಡಂ?" ಎಂದು ಅಧ್ಯಕ್ಷರು ಕೇಳಿದರು.

"ಕೇಳಿದವರಿಗೆ ಏನಾದರೂ ಹೇಳಬೇಕಲ್ಲ ಸರ್. ಬೆರಳಿಗೆ ಆ ದಾಕ್ಷಿಣ್ಯ ಇಲ್ಲ."

ಮೂಲೆಯ ಕುರ್ಚಿಯಲ್ಲಿ ತಿಪ್ಪೇರುದ್ರಪ್ಪ ಕುಳಿತಿದ್ದ. ಕಣಿವೆಹಟ್ಟಿಯಲ್ಲಿ ಸೋತ ಅಭ್ಯರ್ಥಿ ಅವನೇ. ಇನ್ನೂರ ಹನ್ನೆರಡು ಮತಗಳಿಂದ ಸೋತಿದ್ದ. ಅವನನ್ನು ಸೋಲಿಸಿದಾತ ಐದು ತಿಂಗಳಲ್ಲೇ ಅಂತರಾತ್ಮದ ಕರೆಗೆ ಓಗೊಟ್ಟು ಬೇರೆ ಪಕ್ಷ ಸೇರಿ ರಾಜೀನಾಮೆ ಕೊಟ್ಟಿದ್ದರಿಂದ ಉಪಚುನಾವಣೆ ಬಂದಿತ್ತು. ಮೂರು ಸಲ ಸೋತವನಿಗೆ ಪಕ್ಷ ಮತ್ತೊಮ್ಮೆ ಟಿಕೆಟ್ ಕೊಟ್ಟಿತ್ತು. "ಇದೇ ಕೊನೆ ರುದ್ರಪ್ಪ" ಎಂದು ಅಧ್ಯಕ್ಷರು ಆ ಬೆಳಿಗ್ಗೆಯೇ ಹೇಳಿದ್ದರು. ಇಪ್ಪತ್ತೆಂಟು ವರ್ಷ ಪಕ್ಷದ ಧ್ವಜ ಹೊತ್ತವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಪರದೆಯ ಮೇಲೆ ಸಾಲುಗಳು ಓಡಿ ಅರವತ್ತೊಂದಕ್ಕೆ ಬಂದವು. ಅದು ಬಳೆಗಾರರ ಓಣಿಯ ಮತಗಟ್ಟೆ. ಚಲಾವಣೆಯಾದ ಮತ ನಾನೂರ ಹನ್ನೆರಡು. ಪಕ್ಷಕ್ಕೆ ಬಿದ್ದದ್ದು ಒಂಬತ್ತು. ಆ ಒಂಬತ್ತೂ ಪಕ್ಷದ ಏಜೆಂಟನ ಮನೆಯವು. ಏಜೆಂಟನ ಮನೆಯಲ್ಲಿ ಮತಗಳಿದ್ದದ್ದು ಹನ್ನೊಂದು.

'ಕಾರಣ: ಊಟಕ್ಕೆ ಬರುತ್ತೇನೆಂದು ಹೇಳಿ ಬರಲಿಲ್ಲ.'

"ಇಷ್ಟೇನಾ?" ಎಂದರು ಅಧ್ಯಕ್ಷರು.

"ಇಷ್ಟೇ ಸರ್" ಎಂದರು ಡಾ. ಪ್ರಫುಲ್ಲಾ. "ಈ ಒಂದು ಓಣಿ ನಿಮ್ಮ ಕಡೆ ಇದ್ದಿದ್ದರೆ ನೀವು ಗೆಲ್ಲುತ್ತಿದ್ದಿರಿ."

ಎಲ್ಲರೂ ರುದ್ರಪ್ಪನನ್ನು ನೋಡಿದರು. ಅವನು ಬಹಳ ಯೋಚಿಸಿದ. ಪ್ರಚಾರದ ದಿನ ಯಾರೋ ಹಿರಿಯರು ಕೈ ಹಿಡಿದುಕೊಂಡು ಊಟಕ್ಕೆ ಕರೆದಿರಬಹುದು. 'ವಾಪಸ್ಸು ಬರುವಾಗ ಬರ್ತೀನಿ ಯಜಮಾನ್ರೆ' ಎಂದು ತಾನು ಹೇಳಿರಬಹುದು. ಅಂಥ ಮಾತನ್ನು ದಿನಕ್ಕೆ ಅರವತ್ತು ಸಲ ಹೇಳುತ್ತಿದ್ದ. ನಮಸ್ಕಾರ ಎನ್ನುವುದಕ್ಕೂ ಅದಕ್ಕೂ ಅವನ ಬಾಯಲ್ಲಿ ವ್ಯತ್ಯಾಸ ಉಳಿದಿರಲಿಲ್ಲ.

"ನನಗೆ ನೆನಪೇ ಇಲ್ಲ ಮೇಡಂ."

"ಕಾರಣದ ಅರ್ಧ ಭಾಗ ಅದೇ" ಎಂದರು ಅವರು.

ಸಮಿತಿಗೆ ಹುರುಪು ಬಂತು. ರೋಗ ತಿಳಿದ ಮೇಲೆ ಮದ್ದು ಹುಡುಕುವುದು ಕಷ್ಟವಲ್ಲ. ಊಟ ಮಾಡದೆ ಸೋತವರು ಊಟ ಮಾಡಿ ಗೆಲ್ಲಬೇಕು ಎಂದು ತೀರ್ಮಾನವಾಗಿ 'ಮಹಾ ಸಹಭೋಜನ ಅಭಿಯಾನ' ಆರಂಭವಾಯಿತು. ಅಧ್ಯಕ್ಷರು ದಿನಕ್ಕೆ ನಲವತ್ತು ಮನೆಗಳಲ್ಲಿ ಉಣ್ಣತೊಡಗಿದರು. ಅವರ ಸಕ್ಕರೆ ಕಾಯಿಲೆಯ ದೃಷ್ಟಿಯಿಂದ ಅಡಿಗೆ ಜಿಲ್ಲಾ ಕೇಂದ್ರದ ಹೋಟೆಲಿನಿಂದ ಗಾಡಿಯಲ್ಲಿ ಬರುತ್ತಿತ್ತು. ತಟ್ಟೆ, ಲೋಟ, ನೀರಿನ ಬಾಟಲಿ, ಬಡಿಸುವವರು, ಎಲ್ಲವೂ ಗಾಡಿಯಲ್ಲೇ. ಮನೆಯವರು ಒದಗಿಸಬೇಕಾದದ್ದು ನೆಲ ಮಾತ್ರ. ಒಂದು ತುತ್ತು ಬಾಯಿಗೆ ಹೋಗುತ್ತಲೇ ಕ್ಯಾಮರಾ ನಿಲ್ಲುತ್ತಿತ್ತು, ಗಾಡಿ ಹೊರಡುತ್ತಿತ್ತು.

ಬಳೆಗಾರರ ಓಣಿಗೂ ಗಾಡಿ ಹೋಗಿ ಬಂತು. ಹದಿನೈದು ದಿನಗಳ ಮೇಲೆ ಡಾ. ಪ್ರಫುಲ್ಲಾ ಅಲ್ಲಿಯೇ ಒಂದು ಅಣಕು ಮತದಾನ ನಡೆಸಿ ಯಂತ್ರದ ಉತ್ತರವನ್ನು ತಂದರು. 'ಕಾರಣ: ನಮ್ಮ ಮನೆಯಲ್ಲಿ ಕೂತು ನಮ್ಮ ಮನೆಯ ನೀರು ಮುಟ್ಟಲಿಲ್ಲ.' ಒಂಬತ್ತು ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಏಜೆಂಟನ ಮನೆಯಲ್ಲಿ ಒಡಕು ಹೆಚ್ಚಾಗಿತ್ತು.

ರುದ್ರಪ್ಪ ಡಾ. ಪ್ರಫುಲ್ಲಾ ಅವರನ್ನು ಹೊರಗೆ ಮೆಟ್ಟಿಲ ಬಳಿ ಹಿಡಿದ. "ಮೇಡಂ, ಈಗ ನಾನೇನು ಮಾಡಲಿ? ನಿಮ್ಮ ಮಿಷನ್ನು ಅದನ್ನ ಹೇಳಲ್ವಾ?"

"ನನ್ನ ಯಂತ್ರ ಆದದ್ದನ್ನು ಹೇಳುತ್ತದೆ. ಮಾಡಬೇಕಾದದ್ದನ್ನು ಹೇಳುವ ಯಂತ್ರ ಇನ್ನೂ ಯಾರೂ ಮಾಡಿಲ್ಲ." ಸ್ವಲ್ಪ ತಡೆದು ಕೇಳಿದರು, "ಆ ಮನೆ ಯಾವುದು ಅಂತಾದರೂ ವಿಚಾರಿಸಿದಿರಾ?"

ಅವನು ವಿಚಾರಿಸಿರಲಿಲ್ಲ. ಸಮಿತಿಯ ಹನ್ನೊಂದು ಮಂದಿಯಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ.

ನಾಮಪತ್ರ ಸಲ್ಲಿಸಲು ಕೊನೆಯ ದಿನ ಬಂತು. ಮಧ್ಯಾಹ್ನ ಮೂರು ಗಂಟೆಯೊಳಗೆ ತಾಲ್ಲೂಕು ಕಚೇರಿಯಲ್ಲಿ ಇರಬೇಕು. ಜೋಯಿಸರು ಎರಡೂ ಹತ್ತಕ್ಕೆ ಮುಹೂರ್ತ ಇಟ್ಟಿದ್ದರು. ಪಕ್ಷದ ಬಿ ಫಾರಂ ಮತ್ತು ಬೇಕಾದ ಕಾಗದಗಳೆಲ್ಲ ರುದ್ರಪ್ಪನ ಜುಬ್ಬದ ಒಳಜೇಬಿನಲ್ಲಿದ್ದವು. ಹಿಂದೊಮ್ಮೆ ಅವನದೇ ಪಕ್ಷದವನೊಬ್ಬ ಬಿ ಫಾರಂ ಕಸಿದು ಹರಿದು ಹಾಕಿದ್ದರಿಂದ ಅವನು ಅದನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಮೆರವಣಿಗೆಗೆ ಇನ್ನೂ ಎರಡು ಗಂಟೆಯಿತ್ತು. ಅವನು ಕಾರನ್ನು ಓಣಿಯ ಬಾಯಲ್ಲಿ ನಿಲ್ಲಿಸಿ, ಫೋನನ್ನು ಕಾರಿನಲ್ಲೇ ಬಿಟ್ಟು, ಒಬ್ಬನೇ ನಡೆದು ಹೋದ. ಅರ್ಧ ಗಂಟೆಯಲ್ಲಿ ಎರಡು ತುತ್ತು ತಿಂದು ಬಂದರಾಯಿತು ಎಂಬುದು ಅವನ ಎಣಿಕೆ.

ಮೂರನೆಯ ಮನೆಯಲ್ಲಿ ಕೇಳಿದಾಗ ಏಳನೆಯ ಮನೆ ತೋರಿಸಿದರು. ಹೊಸ್ತಿಲಲ್ಲಿ ಕುಳಿತು ಒಬ್ಬ ಮುದುಕಿ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಆಕೆಯ ಹೆಸರು ಓಬಳಮ್ಮ.

"ಯಾರಪ್ಪ?"

"ನಾನಮ್ಮ, ತಿಪ್ಪೇರುದ್ರಪ್ಪ. ಹೋದ ಸಲ ಊಟಕ್ಕೆ ಬರ್ತೀನಿ ಅಂದಿದ್ದೆ."

ಓಬಳಮ್ಮ ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕಿ ತಲೆಯೆತ್ತಿದಳು. "ಹನ್ನೊಂದು ತಿಂಗಳಾತು. ದಾರೀಲಿ ಬಾಳ ಜನ ಇದ್ರೇನೋ."

ಒಳಗೆ ಸೊಸೆ ಕಿಸಕ್ಕನೆ ನಕ್ಕಳು.

"ತಪ್ಪಾಯ್ತಮ್ಮ. ಯಜಮಾನ್ರು ಇಲ್ವಾ?"

"ಅಲ್ಲವ್ರೆ ನೋಡು" ಎಂದು ಆಕೆ ನಡುಮನೆಯ ಗೋಡೆ ತೋರಿಸಿದಳು. ತಿಮ್ಮರಾಯಪ್ಪನವರ ಪಟಕ್ಕೆ ಗಂಧದ ಹಾರವಿತ್ತು.

ರುದ್ರಪ್ಪನಿಗೆ ಆಗ ಆ ಕೈಯ ಬಿಸುಪು ನೆನಪಾಯಿತು. ಬಳೆ ತೊಡಿಸಿ ತೊಡಿಸಿ ನುಣುಪಾದ ಕೈ.

"ನಿನ್ನಿಂದ ಹೋದ್ರು ಅಂತ ನಾನು ಅನ್ನಲ್ಲಪ್ಪ" ಎಂದಳು ಓಬಳಮ್ಮ. "ಆ ದೇವ್ರು ರಂಗಪ್ಪ ಕರೆದ, ಮೂರು ತಿಂಗಳ ಮೇಲೆ ಹೋದ್ರು. ಆದ್ರೆ ಆವತ್ತೊಂದಿನ ಉಪಾಸ ಕೂತ್ರಲ್ಲ, ಅದು ಮಾತ್ರ ನಿನ್ನಿಂದ. ತಾವು ಕರೆದೋರು ಉಣ್ಣದೆ ಉಂಡೋರಲ್ಲ ಅವರು. ಓಣಿಯೋರೆಲ್ಲ ಬೆಲ್ಲ ಕೊಟ್ಟು, ತುಪ್ಪ ಕೊಟ್ಟು, ಬಾಗ್ಲಿಗೆ ರಂಗೋಲಿ ಹಾಕಿ ಕಾದ್ರು. ದೀಪ ಹಚ್ಚೋ ಹೊತ್ತಾದ್ರೂ ಎಲೆ ಮುಂದೆ ಕೂತೇ ಇದ್ರು. 'ಬರ್ತೀನಿ ಅಂದವ್ರೆ ಕಣೆ, ದೊಡ್ಡ ಮನುಷ್ಯ' ಅನ್ನೋರು. ಕೊನೆಗೆ ಆ ಎಲೇನ ಹಸುವಿಗೆ ಹಾಕಿದ್ವಿ. ಇವರು ನೀರು ಕುಡಿದು ಮಲಗಿದ್ರು."

ಓಬಳಮ್ಮ ಪೋಣಿಸಿದ ಬಳೆಗಳನ್ನು ಗೂಟಕ್ಕೆ ತೂಗುಹಾಕಿದಳು.

"ಈಗ ಉಣ್ತೀಯಾ?"

"ಉಣ್ತೀನಮ್ಮ. ಇದ್ದದ್ದೇ ಒಂದು ತುತ್ತು ಹಾಕಿ."

"ಇದ್ದದ್ದು ಯಾವಾಗ್ಲೂ ಇರುತ್ತೆ. ಆವತ್ತು ಒಬ್ಬಟ್ಟು ಮಾಡಿದ್ದೆ. ಅದೇ ಆಗ್ಬೇಕು." ಆಕೆ ಸೊಸೆಯನ್ನು ಕರೆದು ಬೇಳೆ ಇಡಲು ಹೇಳಿದಳು. ಪಟದ ಎದುರಿಗೆ ಎರಡು ಬಾಳೆಯೆಲೆ ಹಾಕಿಸಿದಳು. ಒಂದು ಅತಿಥಿಗೆ, ಒಂದು ಗಂಡನಿಗೆ. "ನೀನು ಉಂಡ ಮೇಲೆ ಅವರಿಗೆ ಎಡೆ ಇಡ್ತೀನಿ. ಅವರ ಕ್ರಮ ಅದು. ಕೂತ್ಕೊ."

ರುದ್ರಪ್ಪ ಎಲೆಯ ಮುಂದೆ ಕುಳಿತ. ಬೇಳೆಯನ್ನು ಐದು ನಿಮಿಷದಲ್ಲಿ ಬೇಯಿಸುವ ಒಲೆಗಳು ಆ ಕಾಲಕ್ಕೆ ಎಲ್ಲ ಮನೆಗಳಲ್ಲೂ ಇದ್ದವು. ಹೂರಣವನ್ನು ಓಬಳಮ್ಮನ ಮನಸ್ಸಿಗೆ ಬರುವಂತೆ ರುಬ್ಬುವ ಯಂತ್ರ ಮಾತ್ರ ಇರಲಿಲ್ಲ. ಆಕೆ ಒರಳಿನ ಮುಂದೆ ಕುಳಿತಳು.

ಸುದ್ದಿ ಹರಡಿ ಓಣಿಯವರು ಬಾಗಿಲಲ್ಲಿ ಕೂಡಿದರು.

"ಏನ್ ಸಾಹೇಬ್ರೆ, ಇವತ್ತು ಹೋಟೆಲ್ ಗಾಡಿ ಬರ್ಲಿಲ್ವಾ?"

"ಕ್ಯಾಮರಾದೋರಿಗೆ ದಾರಿ ತಪ್ಪಿರ್ಬೇಕು ಬಿಡು."

"ನಿಮ್ಮ ಡ್ರೈವರ್‌ನ ನಮ್ಮನೇಲಿ ಕೂರಿಸಿದೀವಿ. ಅವನೂ ಮನುಷ್ಯನೇ ಅಲ್ವಾ? ಫೋನು ಬಡ್ಕೊಳ್ತಾನೇ ಇತ್ತಂತೆ, ಕಾರಿನ ಬಾಗ್ಲು ಹಾಕಿ ಬಂದವ್ನೆ."

ರುದ್ರಪ್ಪ ನಕ್ಕ. ಒಂದು ಗಂಟೆ ಕಳೆಯಿತು. ಕಣಕ ನೆನೆಯಬೇಕಿತ್ತು. ಎರಡು ಗಂಟೆಯ ಹೊತ್ತಿಗೆ ದೂರದಲ್ಲಿ ಡೊಳ್ಳಿನ ಸದ್ದು ಕೇಳಿಸಿತು.

"ಅದು ನಿಮ್ಮ ಮೆರವಣಿಗೆ ಅಲ್ವಾ?" ಎಂದ ಬಾಗಿಲಲ್ಲಿದ್ದವನೊಬ್ಬ.

"ಹೌದು."

"ನೀವಿಲ್ದೇ ಹೋಗ್ತಾ ಇದೆ?"

"ನಾನಿದ್ದಾಗ್ಲೂ ಅದು ಹಾಗೇ ಹೋಗ್ತಿತ್ತಪ್ಪ."

ಹಾಗೆಂದರೂ ಅವನ ಕೈ ಒಳಜೇಬನ್ನು ಮುಟ್ಟಿ ನೋಡಿತು. ತಾಲ್ಲೂಕು ಕಚೇರಿ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಈಗ ಎದ್ದರೆ ಸಮಯವಿದೆ. ಎದ್ದು ಹೋಗಿ, ಸಹಿ ಹಾಕಿ, ಐದರೊಳಗೆ ಇದೇ ಎಲೆಗೆ ಹಿಂತಿರುಗಬಹುದು. ಹೇಳಬೇಕಾದ ಮಾತು ಸಿದ್ಧವಾಗಿ ನಾಲಿಗೆಯ ತುದಿಯಲ್ಲಿತ್ತು. ಇಪ್ಪತ್ತೆಂಟು ವರ್ಷ ಆಡಿ ರೂಢಿಯಾದ ಮಾತು.

ಓಬಳಮ್ಮ ಒರಳಿನಿಂದ ಕೇಳಿದಳು, "ಹೊತ್ತಾತೇನಪ್ಪ? ಆಗಿದ್ರೆ ಎದ್ದು ಹೋಗು, ನಾನೇನೂ ಅನ್ಕೊಳ್ಳಲ್ಲ. ಬರ್ತೀನಿ ಅಂತ ಮಾತ್ರ ಹೇಳಬ್ಯಾಡ."

ರುದ್ರಪ್ಪ ಪಕ್ಕದ ಎಲೆಯನ್ನು ನೋಡಿದ. ಅದರ ಮೇಲೆ ಚಿಮುಕಿಸಿದ್ದ ನೀರು ಆರುತ್ತಾ ಬಂದಿತ್ತು.

"ಇಲ್ಲಮ್ಮ" ಎಂದ. "ಇವತ್ತು ಬೇರೆ ಎಲ್ಲೂ ಹೋಗೋದಿಲ್ಲ."

ಮೊದಲ ಒಬ್ಬಟ್ಟು ಅವನ ಎಲೆಗೆ ಬಿದ್ದಾಗ ಮೂರು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಅವನು ನಾಲ್ಕು ಒಬ್ಬಟ್ಟು ತಿಂದ. ಕೇಳಿ ಎರಡನೆಯ ಸಲ ಸಾರು ಹಾಕಿಸಿಕೊಂಡ. ಅವನು ಕೈ ತೊಳೆದ ಮೇಲೆ ಓಬಳಮ್ಮ ಗಂಡನ ಎಲೆಗೆ ಬಡಿಸಿದಳು, ಕರ್ಪೂರ ಹಚ್ಚಿದಳು, "ಬಂದವ್ರೆ, ಉಂಡವ್ರೆ, ಇನ್ನು ನೀವು ಉಣ್ಣಿ" ಎಂದು ಪಟದ ಮುಂದೆ ಸೆರಗೊಡ್ಡಿ ಕುಳಿತಳು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಾಸ್ಯ ಮಾಡುವುದನ್ನು ಅವರು ಯಾವಾಗಲೋ ನಿಲ್ಲಿಸಿದ್ದರು.

ಪಕ್ಷವು ಅಂದು ಸಂಜೆಯೇ ತಿಪ್ಪೇರುದ್ರಪ್ಪನನ್ನು ಆರು ವರ್ಷಗಳ ಕಾಲ ಉಚ್ಚಾಟಿಸಿತು. ಪತ್ರದಲ್ಲಿ 'ಭೋಜನದ ನಿಮಿತ್ತ ಪಕ್ಷದ್ರೋಹ' ಎಂದಿತ್ತು. ಕಣಿವೆಹಟ್ಟಿಯ ಜನರು ಆ ಪತ್ರವನ್ನು ಓದಿ ಒಬ್ಬರಿಗೊಬ್ಬರು ತೋರಿಸಿದರು. ಒಂದು ವಾರದಲ್ಲಿ ಕ್ಷೇತ್ರದಲ್ಲೆಲ್ಲ ಅದೇ ಮಾತಾಯಿತು.

ಮತ ಎಣಿಕೆಯ ದಿನ ಹಿಂದೆಂದೂ ಆಗದ್ದು ಆಯಿತು. ಗೆದ್ದ ಅಭ್ಯರ್ಥಿಗೆ ಮೂವತ್ತೆಂಟು ಸಾವಿರ ಮತ. 'ಮೇಲಿನ ಯಾರೂ ಅಲ್ಲ' ಎಂಬ ಕೊನೆಯ ಗುಂಡಿಗೆ ಅರವತ್ತೊಂದು ಸಾವಿರ. ಯಾರೂ ಅಲ್ಲದವರನ್ನು ಶಾಸಕರಾಗಿ ಮಾಡಲು ಕಾಯಿದೆಯಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಮೂವತ್ತೆಂಟು ಸಾವಿರದವರು ಹಾರ ಹಾಕಿಸಿಕೊಂಡು, ಇದು ಅಭೂತಪೂರ್ವ ಜನಾದೇಶ ಎಂದರು. ಅದು ಸುಳ್ಳೂ ಆಗಿರಲಿಲ್ಲ.

ಆತ್ಮಾವಲೋಕನ ಸಮಿತಿ ಮತ್ತೆ ಸೇರಿತು. ಪರದೆಯ ಮೇಲೆ ಸಾಲುಗಳು ಮೂಡಿದವು. ಮತಗಟ್ಟೆ ಒಂದರಿಂದ ಕೊನೆಯವರೆಗೂ ಒಂದೇ ವಾಕ್ಯ. 'ಕಾರಣ: ಊಟಕ್ಕೆ ಬಂದವರ ಹೆಸರು ಮತಯಂತ್ರದಲ್ಲಿ ಇರಲಿಲ್ಲ.'

ವೃಷಭೇಂದ್ರಯ್ಯನವರು ಬಹಳ ಹೊತ್ತು ನೋಡಿದರು. "ಮೇಡಂ, ಈ ಅರವತ್ತೊಂದು ಸಾವಿರ ನಮ್ಮ ಪಕ್ಷದ್ದೇ ಅಂತ ಬರ್ಕೊಳ್ಳಬಹುದಾ?"

"ಬರ್ಕೊಳ್ಳಿ ಸರ್" ಎಂದರು ಡಾ. ಪ್ರಫುಲ್ಲಾ ತಮ್ಮ ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಾ. "ಆದರೆ ಅವರು ಒತ್ತಿದ ಗುಂಡಿಯ ಮೇಲೆ ಏನು ಬರೆದಿತ್ತು ಅನ್ನೋದನ್ನೂ ಪಕ್ಕದಲ್ಲಿ ಬರ್ಕೊಳ್ಳಿ."

ಸಮಿತಿ ಆ ದಿನ ಎರಡು ನಿರ್ಣಯಗಳನ್ನು ಅಂಗೀಕರಿಸಿತು. ಮುಂದಿನ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಗಳು ನಾಮಪತ್ರ ಸಲ್ಲಿಸದೆಯೇ ಜನಮನ ಗೆಲ್ಲುವ ಸಾಧ್ಯತೆಯನ್ನು ಪರಿಶೀಲಿಸಲು ಒಂದು ಉಪಸಮಿತಿ ರಚಿಸಬೇಕು. ಎರಡನೆಯದಾಗಿ, ರುದ್ರಪ್ಪನ ಉಚ್ಚಾಟನೆಯನ್ನು ರದ್ದು ಮಾಡಿ, ಅವನನ್ನು ಪಕ್ಷದ ಉಪಾಧ್ಯಕ್ಷನಾಗಿ ಸನ್ಮಾನದೊಂದಿಗೆ ಬರಮಾಡಿಕೊಳ್ಳಬೇಕು.

ಪತ್ರ ಹಿಡಿದು ಹೊರಟ ಪಕ್ಷದ ಕಚೇರಿಯ ಜವಾನ ಹನುಮಂತರಾಯಪ್ಪನಿಗೆ ರುದ್ರಪ್ಪ ಮನೆಯಲ್ಲಿ ಸಿಗಲಿಲ್ಲ. ಹುಡುಕುತ್ತಾ ಹೋದಾಗ ಹದಿನಾಲ್ಕನೆಯ ಮತಗಟ್ಟೆಯ ಬೀದಿಯಲ್ಲಿ, ಒಬ್ಬ ಗಡಿಯಾರ ರಿಪೇರಿಯವನ ಮನೆಯಲ್ಲಿ, ಅವನು ತಟ್ಟೆಯ ಮುಂದೆ ಕುಳಿತಿದ್ದ. ಪಕ್ಕದಲ್ಲಿ ಒಂದು ಚೀಟಿ ಇತ್ತು. ತಾನು ಯಾರ್‍ಯಾರಿಗೆ ಮಾತು ಕೊಟ್ಟಿದ್ದೆ ಎಂದು ಓಣಿ ಓಣಿಗಳಲ್ಲಿ ವಿಚಾರಿಸಿ ಬರೆದುಕೊಂಡಿದ್ದ ಹೆಸರುಗಳು. ಐದಾರರ ಮೇಲೆ ಗೆರೆ ಎಳೆದಿತ್ತು. ಉಳಿದವು ಬಹಳ ಇದ್ದವು.

ರುದ್ರಪ್ಪ ಎಡಗೈಯಲ್ಲಿ ಪತ್ರ ಹಿಡಿದು ಓದಿ ಹಿಂದಕ್ಕೆ ಕೊಟ್ಟ.

"ಅಧ್ಯಕ್ಷರಿಗೆ ಏನು ಹೇಳಲಿ ಅಣ್ಣ? ಕಾಯ್ತಾ ಕೂತವ್ರೆ."

ವಾಪಸ್ಸು ಬರುವಾಗ ಬರ್ತೀನಿ ಎಂಬ ಮಾತು ರುದ್ರಪ್ಪನ ಬಾಯಿಗೆ ಬಂತು. ಅದನ್ನು ಅವನು ಅನ್ನದ ತುತ್ತಿನೊಂದಿಗೆ ನುಂಗಿದ.

"ಬರೋದಿಲ್ಲ ಅಂತ ಹೇಳಪ್ಪ. ಪಾಪ, ಅವರು ಕಾಯಬಾರದು. ಬಾ, ನೀನೂ ಕೂತ್ಕೊ, ಊಟದ ಹೊತ್ತು."