ಬಾಡಿದ ಸಸಿ, ಬಿಗಿದ ಪಟ್ಟಿ

“ಅಜ್ಜ, ಸಾಕು! ಕೈ ನೀಲಿ ಆಗೈತೆ!”

ಶರಣ್ಯ ಮಿಷಿನ್ನಿನ ಬಟನ್ ಒತ್ತೇಬಿಟ್ಟಳು. ಶಾಂತವೀರಪ್ಪಜ್ಜನ ತೋಳಿಗೆ ಬಿಗಿದಿದ್ದ ಪಟ್ಟಿ ಬುಸ್ಸೆಂದು ಸಡಿಲವಾಯಿತು.

“ಯಾಕವ್ವ ಆಫ್ ಮಾಡ್ದೆ? ಇನ್ನೂ ಟೈಮ್ ಆಗಿಲ್ಲ.”

“ನಿಂಗೆ ನೋವಾಗ್ತೈತೆ. ಮುಖ ನೋಡಿದ್ರೇ ಗೊತ್ತಾಗ್ತೈತೆ.”

ಅಜ್ಜನ ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳ ಕಿರಿದಾಗಿತ್ತು. ಸೋಮವಾರ ಶಿವಮೊಗ್ಗದಲ್ಲಿ ಅದರೊಳಗೆ ಸ್ಟೆಂಟ್ ಹಾಕುವವರಿದ್ದರು. ಆಗ ಮೆದುಳಿಗೆ ರಕ್ತ ಕಮ್ಮಿಯಾದರೆ ಅಜ್ಜನ ಮಾತೇ ನಿಂತುಹೋಗಬಹುದು ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಶರಣ್ಯಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಡಾಕ್ಟರ್ ಶ್ರೀಲತಾ ಕೊಟ್ಟ ಮಿಷಿನ್ ಅದು. ತೋಳು ಹಿಂಡಿ ರಕ್ತ ತಡೆಯುತ್ತದೆ, ಬಿಡುತ್ತದೆ, ಮತ್ತೆ ತಡೆಯುತ್ತದೆ. ಹೀಗೆ ಮಾಡಿದರೆ ರಕ್ತ ಕಮ್ಮಿಯಾದಾಗ ತಡೆದುಕೊಳ್ಳುವುದನ್ನು ಮೈ ಕಲಿಯಬಹುದಂತೆ. ಹುಷಾರಿಲ್ಲದ್ದು ಕುತ್ತಿಗೆ, ಹಿಂಡುವುದು ತೋಳು! ಇದೆಂಥ ಔಷಧ ಎಂದು ಶರಣ್ಯಳಿಗೆ ಸಿಟ್ಟು.

ಸಿಟ್ಟಿನಲ್ಲೇ ಹಿತ್ತಲಿಗೆ ಹೋದಳು. ಮಡಿಯಲ್ಲಿ ಅಜ್ಜನ ಮೆಣಸಿನ ಸಸಿಗಳು ತಲೆ ಬಗ್ಗಿಸಿ ನಿಂತಿದ್ದವು. ಪಾಪ, ಆಸ್ಪತ್ರೆಯ ಗಡಿಬಿಡಿಯಲ್ಲಿ ಅಜ್ಜ ಮರೆತಿರಬೇಕು. ಅವಳು ಕೊಡ ಎತ್ತಿದಳು.

“ಏ, ನೀರು ಹಾಕಬ್ಯಾಡವ್ವ!” ಅಜ್ಜ ಹಿಂದೆಯೇ ಬಂದಿದ್ದ.

“ಬಾಡ್ಯಾವಲ್ಲ ಅಜ್ಜ!”

“ಬಾಡ್ಲಿ ಅಂತಾನೇ ಬಿಟ್ಟೀನಿ. ದಿನಾ ಹೊಟ್ಟೆ ತುಂಬ ಕುಡಿಸಿದ್ರೆ, ನಾಟಿ ದಿನ ಹೊಲದ ಬಿಸಿಲಿಗೆ ಅಂಗಾತ ಬೀಳ್ತಾವೆ. ಈಗ ಚೂರು ತಡಕೊಂಡ್ರೆ ಅಲ್ಲಿ ಗಟ್ಟಿ ನಿಲ್ತಾವೆ.”

“ಪೂರ್ತಿ ಒಣಗಿದ್ರೆ?”

“ಒಣಗಾಕೆ ಬಿಡ್ತೀನೇನು? ಸಂಜೆ ಒಂಚೂರು ಚಿಮುಕಿಸ್ತೀನಿ. ಮತ್ತೆ ನಿಲ್ಲಿಸ್ತೀನಿ.”

ಶರಣ್ಯ ಸಸಿ ನೋಡಿದಳು. ಆಮೇಲೆ ಅಜ್ಜನ ತೋಳು ನೋಡಿದಳು. ಪಟ್ಟಿಯ ಗುರುತು ಇನ್ನೂ ಹಾಗೇ ಇತ್ತು. ಅಬ್ಬಾ, ಆ ಡಾಕ್ಟರ್ ಎಷ್ಟು ಜಾಣೆ! ಅಜ್ಜನೂ ಕಮ್ಮಿಯವನಲ್ಲ. ನೋವಾದರೂ ಒಂದು ದಿನವೂ ಬೇಡ ಎಂದಿರಲಿಲ್ಲ.

“ಅಜ್ಜ, ಸೋಮವಾರ ನಿನ್ನ ನಾಟಿ ಅಲ್ವಾ?”

ಅಜ್ಜ ಅರೆಗಳಿಗೆ ಅವಳ ಮುಖ ನೋಡಿ ಗೊಳ್ಳೆಂದು ನಕ್ಕ. “ಹೂಂ ಕಣವ್ವ. ನಾನೂ ಗಟ್ಟಿ ನಿಲ್ಬೇಕು.”

ಕೊಡ ಕೆಳಗಿಟ್ಟು ಅವಳು ಅಜ್ಜನನ್ನು ಒಳಗೆ ಕರೆದೊಯ್ದಳು. ತಾನೇ ಪಟ್ಟಿ ಸುತ್ತಿ, ಬಟನ್ ಒತ್ತಿದಳು. ಮಿಷಿನ್ ಗುರ್ ಎಂದಿತು. ಅಜ್ಜನ ಬೆರಳುಗಳು ಬಿಳಿಚಿಕೊಂಡವು, ಹುಬ್ಬು ಗಂಟಾಯಿತು.

ಶರಣ್ಯ ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಪಟ್ಟಿ ತಾನಾಗಿಯೇ ಬುಸ್ಸೆನ್ನುವವರೆಗೂ ಕೂತಳು.